ಮೂರನೇ ಮೀಸೆ

ದೀಪಾವಳಿಗೆ ಊರಿಗೆ ಹೋದಾಗ, ದಾಸವಾಳದ ಎಲೆ ಮೇಲೆ ಬೆಳಗಿನ ಚಳಿಗೆ ಮರಗಟ್ಟಿ ಕೂತಿದ್ದ ಒಂದು ಕಣಜದ 32 ಫೋಟೋ ತೆಗೆದೆ. ಅದೇ ಕಣಜ, ಅದೇ ಭಂಗಿ, ಫೋಕಸ್ ಮಾತ್ರ ಪ್ರತಿ ಸಲ ಕೂದಲೆಳೆಯಷ್ಟು ಆಚೆ. ರಾತ್ರಿ ಲ್ಯಾಪ್‌ಟಾಪಲ್ಲಿ ಅಷ್ಟನ್ನೂ ಒಂದು ಮಾಡಿ ಅಮ್ಮನಿಗೆ ತೋರಿಸಿದೆ. ಕನ್ನಡಕ ಸರಿಮಾಡ್ಕೊಂಡು ನೋಡಿ, "ಇದಕ್ಕೆ ಮೂರು ಮೀಸೆ ಇರ್ತಾವೇನೋ?" ಅಂದಳು.

ಇರೋದು ಎರಡೇ. ನಡುವೆ ಎಲ್ಲೋ ಅದು ಒಂದು ಮೀಸೆ ಆಡಿಸಿದೆ. ಸಾಫ್ಟ್‌ವೇರ್ ಹಳೇ ಜಾಗದ್ದನ್ನೂ ಹೊಸ ಜಾಗದ್ದನ್ನೂ ಉಳಿಸಿಕೊಂಡಿದೆ.

ಅದರದ್ದೇನೂ ತಪ್ಪಿಲ್ಲ ಬಿಡಿ. ಹುಳದ ನಿಜ ಗಾತ್ರವೇ ಸೆನ್ಸರ್ ಮೇಲೆ ಬೀಳುವಷ್ಟು ಹತ್ತಿರ ಹೋದರೆ, ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಎಫ್/8ಕ್ಕೆ ಸ್ಪಷ್ಟವಾಗಿ ಸಿಗೋ ಆಳ ಹೆಚ್ಚುಕಮ್ಮಿ ಒಂದು ಮಿಲಿಮೀಟರ್. ಕಣ್ಣು ಸಿಕ್ಕರೆ ರೆಕ್ಕೆ ಇಲ್ಲ. ಅಪರ್ಚರ್ ತೀರಾ ಕಿರಿದು ಮಾಡಿದರೆ ಡಿಫ್ರಾಕ್ಷನ್‌ನಿಂದ ಚಿತ್ರವೆಲ್ಲ ಮಂಕು. ಹಾಗಾಗಿ ಸ್ಟ್ಯಾಕಿಂಗ್ ಬೇಕೇ ಬೇಕು.

ನಾನು ಬಳಸೋದು ಜೆರೀನ್ ಸ್ಟ್ಯಾಕರ್. ಅದರಲ್ಲಿ ಎರಡು ದಾರಿ. ಪಿಮ್ಯಾಕ್ಸ್ ಒಂದರ ಮೇಲೊಂದು ಹಾಯುವ ರೋಮಗಳನ್ನು ಅದ್ಭುತವಾಗಿ ಹಿಡಿಯತ್ತೆ, ಜೊತೆಗೆ ನಾಯ್ಸನ್ನೂ ಕಾಂಟ್ರಾಸ್ಟನ್ನೂ ಏರಿಸತ್ತೆ. ಡಿಮ್ಯಾಪ್ ಬಣ್ಣ, ನುಣುಪು ಕಾಪಾಡತ್ತೆ. ರೋಮದ ಕಾಡಲ್ಲಿ ಮಾತ್ರ ದಾರಿ ತಪ್ಪತ್ತೆ. ಎರಡನ್ನೂ ಓಡಿಸಿ, ಒಂದರ ಮೇಲೆ ಇನ್ನೊಂದನ್ನು ಬ್ರಷ್‌ನಲ್ಲಿ ತೇಪೆ ಹಾಕೋದೇ ಕಸುಬು. ಹೆಲಿಕಾನ್ ಫೋಕಸ್‌ನಲ್ಲೂ ಬೇರೆ ಹೆಸರಲ್ಲಿ ಇದೇ ಕಥೆ.

ನನ್ನ ತಕರಾರು ಬೇರೆ. ಆಫೀಸಲ್ಲಿ ಇಬ್ಬರು ಒಂದೇ ಸಾಲು ತಿದ್ದಿದರೆ ಗಿಟ್ ಅಲ್ಲೇ ನಿಂತು, ಯಾವುದು ಇರಲಿ ಅಂತ ಕೇಳತ್ತೆ. ಇಲ್ಲಿ ಕೇಳೋರಿಲ್ಲ. ಯಾವ ಚೂರು ಹೆಚ್ಚು ಶಾರ್ಪ್ ಇದೆಯೋ ಅದೇ ಸತ್ಯ. ಮೂರು ಮೀಸೆಯೂ ಶಾರ್ಪಾಗೇ ಇದ್ದವಲ್ಲ!

ಈ ಸಾಫ್ಟ್‌ವೇರಿಗೆ ಇಷ್ಟವಾಗೋದು ಅಲುಗಾಡದ ಹುಳ. ಲೆವೊನ್ ಬಿಸ್ ಅವರ ಮೈಕ್ರೋಸ್ಕಲ್ಪ್ಚರ್ ಚಿತ್ರಗಳನ್ನು ನೋಡಿ. 2016ರಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಮ್ಯೂಸಿಯಂನಲ್ಲಿ ಪ್ರದರ್ಶನವಾದವು. ಒಂದೊಂದು ಕೀಟಕ್ಕೂ ಸುಮಾರು 8,000 ಫೋಟೋ, ಪ್ರತಿ ಭಾಗಕ್ಕೂ ಬೇರೆ ಬೇರೆ ಬೆಳಕು. ಅಂಥಾ ಬೆಳಕು ಯಾವ ಕೀಟದ ಮೇಲೂ ಒಟ್ಟಿಗೆ ಬಿದ್ದಿದ್ದಿಲ್ಲ. ಆದರೂ ನನಗೆ ಅವು ಪ್ರಾಮಾಣಿಕ ಅನಿಸತ್ತೆ. ಕಪ್ಪು ಹಿನ್ನೆಲೆ, ಮ್ಯೂಸಿಯಂನ ಮಾದರಿ. ಬದುಕಿದೆ ಅಂತ ಯಾರೂ ನಟಿಸಿಲ್ಲ.

ನಟಿಸೋರು ನಾವು. ಎರಡು ವರ್ಷದ ಹಿಂದೆ ಬಾಲ್ಕನಿಯಲ್ಲಿ ಸಿಕ್ಕ ಒಂದು ಜಿಗಿಯೋ ಜೇಡವನ್ನ, ಸ್ವಲ್ಪ ಹೊತ್ತು ಸುಮ್ಮನಾಗಲಿ ಅಂತ ಡಬ್ಬಿಯಲ್ಲಿ ಹಾಕಿ ಫ್ರೀಜರಲ್ಲಿಟ್ಟೆ. ಅಷ್ಟರಲ್ಲಿ ಕಾಲ್ ಬಂತು, ಮರೆತೆ. ತೆಗೆದಾಗ ಸತ್ತಿತ್ತು. ಕಾಲು ಬಿಡಿಸಿ, ತುಳಸಿ ಎಲೆ ಮೇಲೆ ಕೂರಿಸಿ, ಸ್ಪ್ರೇ ಬಾಟಲಿಯಿಂದ ಇಬ್ಬನಿ ಮಾಡಿ 60 ಫ್ರೇಮ್ ತೆಗೆದೆ. ಒಂದು ರೋಮವೂ ಕದಲಲಿಲ್ಲ. "ಬೆಳಗಿನ ಬೇಟೆಗಾರ" ಅಂತ ಹೆಸರಿಟ್ಟು ಹಂಚಿಕೊಂಡೆ. ಕಣ್ಣಲ್ಲಿ ಎಂಥಾ ಜೀವ ಇದೆ ಅಂತ ಸುಮಾರು ಜನ ಬರೆದರು. ಥ್ಯಾಂಕ್ಸ್ ಹೇಳಿದೆ.

ತಾಂತ್ರಿಕವಾಗಿ ಇವತ್ತಿಗೂ ಅದೇ ನನ್ನ ಬೆಸ್ಟ್ ಸ್ಟ್ಯಾಕ್. ಮೊನ್ನೆ ಅದರ ಶೀರ್ಷಿಕೆ ತೆಗೆದು, ಜೇಡ ಹೇಗೆ ಸತ್ತಿತು ಅಂತ ಬರೆದೆ. ಈ ಸಲ ಯಾರೂ ಏನೂ ಅಂದಿಲ್ಲ. ಕಣಜದ ಹೆಚ್ಚುವರಿ ಮೀಸೆ ಅಳಿಸೋದು ಎರಡು ನಿಮಿಷದ ಕೆಲಸ. ಅಮ್ಮನ ಫೋನಲ್ಲಿ ಅದು ವಾಲ್‌ಪೇಪರ್ ಆಗಿದೆ, ಮೂರು ಮೀಸೆಯೂ ಹಾಗೇ ಇವೆ.