‘ಸಲ್ಲಿ’ ಕೇಳದೇ ಬಿಟ್ಟ ಪ್ರಶ್ನೆ

ಕ್ಲಿಂಟ್ ಈಸ್ಟ್‌ವುಡ್ ನಿರ್ದೇಶನದ ‘ಸಲ್ಲಿ’ (2016) ಹೇಗಿದೆ ಅಂತ ಯಾರನ್ನ ಕೇಳಿದ್ರೂ ಸಿಗೋದು ಒಂದೇ ಉತ್ತರ: ‘ಟಾಮ್ ಹ್ಯಾಂಕ್ಸ್ ಸೂಪರ್’. ಅದರಲ್ಲಿ ತಕರಾರಿಲ್ಲ. ಬಿಳಿ ಮೀಸೆ, ಅಳೆದು ತೂಗಿ ಆಡುವ ಮಾತು, ಗಾಬರಿಯನ್ನೆಲ್ಲ ಒಳಗೇ ನುಂಗಿಕೊಂಡ ಮುಖ. ವಿಮಾನ ನದಿಗಿಳಿಯುವ ದೃಶ್ಯವಂತೂ ಮೈ ಜುಂ ಅನ್ನಿಸುತ್ತೆ. ನನ್ನ ತಕರಾರು ಇರೋದು ಸಿನಿಮಾ ಎತ್ತುವ ಪ್ರಶ್ನೆಯ ಬಗ್ಗೆ.

ಕಥೆ ಗೊತ್ತಿರೋದೇ. 2009ರ ಜನವರಿ 15ರಂದು ನ್ಯೂಯಾರ್ಕಿನ ಲಾಗಾರ್ಡಿಯಾ ನಿಲ್ದಾಣದಿಂದ ಮೇಲೇರಿದ ಏರ್‌ಬಸ್ ಎ320 ವಿಮಾನಕ್ಕೆ ಕೆನಡಾ ಹೆಬ್ಬಾತುಗಳ ಹಿಂಡು ಬಡಿಯಿತು. ಎರಡೂ ಎಂಜಿನ್ ಸೋತವು. ಕ್ಯಾಪ್ಟನ್ ಸಲನ್‌ಬರ್ಗರ್ ವಿಮಾನವನ್ನು ಹಡ್ಸನ್ ನದಿಯ ಮೇಲೆ ಇಳಿಸಿದರು. 155 ಜನರೂ ಬದುಕಿದರು.

ಇಷ್ಟರಲ್ಲೇ ಎಲ್ಲ ಸುಖಾಂತ್ಯ ಆಗಿಬಿಟ್ರೆ ಸಿನಿಮಾಗೆ ವಿಲನ್ ಎಲ್ಲಿಂದ ತರೋದು? ಅದಕ್ಕೇ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿಯನ್ನು ಕಟಕಟೆಗೆ ತಂದು ನಿಲ್ಲಿಸಿದ್ದಾರೆ. ‘ವಾಪಸ್ ಲಾಗಾರ್ಡಿಯಾಗೇ ಹೋಗಬಹುದಿತ್ತಲ್ಲ’ ಅಂತ ಅಧಿಕಾರಿಗಳು ಕೆಣಕುತ್ತಾರೆ. ‘ಮನುಷ್ಯ ಯೋಚಿಸೋಕೆ ಬೇಕಾದ ಸಮಯವನ್ನೂ ಲೆಕ್ಕಕ್ಕೆ ತಗೊಳ್ಳಿ’ ಅಂತ ನಾಯಕ ವಾದಿಸಿ, ಸಿಮ್ಯುಲೇಟರ್ ಪರೀಕ್ಷೆಗೆ 35 ಸೆಕೆಂಡ್ ಸೇರಿಸುವಂತೆ ಮಾಡಿ, ತುಂಬಿದ ಸಭೆಯಲ್ಲಿ ಗೆಲ್ಲುತ್ತಾನೆ. ನಿಜದಲ್ಲಿ ಆ 35 ಸೆಕೆಂಡಿನ ಪರೀಕ್ಷೆ ನಡೆದದ್ದು ತನಿಖೆಯ ಭಾಗವಾಗಿಯೇ. ನದಿಗೆ ಇಳಿಸಿದ ನಿರ್ಧಾರ ಸರಿ ಅಂತ ಹೇಳಿದ್ದೂ ಅದೇ ಸಂಸ್ಥೆಯ 2010ರ ವರದಿ.

ಸಿನಿಮಾ ಅಂದಮೇಲೆ ಸ್ವಲ್ಪ ಉಪ್ಪು ಖಾರ ಇರಲಿ ಬಿಡಿ ಅನ್ನಬಹುದು. ಆದ್ರೆ ಈ ಉಪ್ಪು ಖಾರದಲ್ಲಿ ಕಾಣೆಯಾಗಿದ್ದು ಇಡೀ ಘಟನೆಗೆ ಕಾರಣವಾದ ಹಕ್ಕಿಗಳು. ಪರದೆ ಮೇಲೆ ಅವು ಕ್ಷಣಮಾತ್ರ ಬಂದು ಮಾಯವಾಗ್ತವೆ. ಅವುಗಳ ಹಿಂದೆ ಎಂಥ ಪತ್ತೇದಾರಿ ಕಥೆ ಇತ್ತು ನೋಡಿ: ಎಂಜಿನ್‌ನಲ್ಲಿ ಸಿಕ್ಕ ಗರಿ, ಮಾಂಸದ ಚೂರುಗಳು ಸ್ಮಿತ್‌ಸೋನಿಯನ್ ಪ್ರಯೋಗಾಲಯಕ್ಕೆ ಹೋದವು. ಡಿಎನ್‌ಎಯಿಂದ ಜಾತಿ ಗೊತ್ತಾಯಿತು. ಗರಿಯಲ್ಲಿದ್ದ ಹೈಡ್ರೋಜನ್ ಐಸೋಟೋಪ್‌ಗಳಿಂದ ಇವು ನ್ಯೂಯಾರ್ಕಿನಲ್ಲೇ ಬೀಡುಬಿಟ್ಟ ಹೆಬ್ಬಾತುಗಳಲ್ಲ, ಉತ್ತರದ ಕೆನಡಾದಿಂದ ಬಂದ ವಲಸೆ ಹಕ್ಕಿಗಳು ಅಂತ ತಿಳಿಯಿತು. ಅದೇ ವರ್ಷದ ಬೇಸಿಗೆಯಲ್ಲಿ ನಗರದವರು ಹಿಡಿದು ಕೊಂದದ್ದು ಮಾತ್ರ ಸಾವಿರಕ್ಕೂ ಹೆಚ್ಚು ಲೋಕಲ್ ಹೆಬ್ಬಾತುಗಳನ್ನು! ಲೋಕಲ್ ಹಕ್ಕಿಗಳಿಂದಲೂ ಅಪಾಯ ಇದೆ, ನಿಜ. ಆದ್ರೂ ಯಾರನ್ನ ಶಿಕ್ಷಿಸಿ ಯಾವುದನ್ನ ಸರಿಮಾಡಿದ್ವಿ ಅನ್ನೋ ಪ್ರಶ್ನೆ ಇದೆಯಲ್ಲ, ಅದನ್ನ ಸಿನಿಮಾ ಮುಟ್ಟುವುದೇ ಇಲ್ಲ. ‘ಪೈಲಟ್ ತಪ್ಪು ಮಾಡಿದ್ನಾ, ಇಲ್ವಾ?’ ಅನ್ನೋದರಲ್ಲೇ ಅದು ನಿಂತುಬಿಡುತ್ತೆ.

ನಿಜವಾದ ಅಪಘಾತಗಳು ಅಷ್ಟಕ್ಕೇ ನಿಲ್ಲಲ್ಲ. 2008ರ ನವೆಂಬರ್‌ನಲ್ಲಿ ರೋಮ್‌ನ ಚಾಂಪಿನೋದಲ್ಲಿ ಇಳಿಯುತ್ತಿದ್ದ ರಾಯನ್‌ಏರ್ ವಿಮಾನಕ್ಕೆ ಸ್ಟಾರ್ಲಿಂಗ್ ಹಕ್ಕಿಗಳ, ಅಂದ್ರೆ ನಮ್ಮ ಗೊರವಂಕದ ನೆಂಟರ, ದೊಡ್ಡ ಹಿಂಡು ಎದುರಾಯಿತು. ನೆಲ ಮುಟ್ಟಲು ಸುಮಾರು 7 ಸೆಕೆಂಡ್ ಇರುವಾಗ ಕ್ಯಾಪ್ಟನ್ ಮತ್ತೆ ಮೇಲೇರಲು ನೋಡಿದರು. ಎಂಜಿನ್‌ಗಳು ಕೈಕೊಟ್ಟವು. ವಿಮಾನ ದಡಕ್ಕನೆ ರನ್‌ವೇಗೆ ಬಿತ್ತು, ಎಲ್ಲರೂ ಉಳಿದರು. ಇಟಲಿಯ ತನಿಖಾ ವರದಿ ಆ ನಿರ್ಧಾರವನ್ನು ಕಾರಣಗಳಲ್ಲಿ ಒಂದಾಗಿ ಎತ್ತಿ ಹೇಳಿತು. ಅದರ ಜತೆಗೇ ನಿಲ್ದಾಣದಲ್ಲಿ ಹಕ್ಕಿ ನಿಯಂತ್ರಣ ಸರಿಯಿರಲಿಲ್ಲ, ಇಳಿಯುವಾಗ ಹಕ್ಕಿ ಬಡಿದರೆ ಏನು ಮಾಡಬೇಕೆಂಬ ಸೂಚನೆಯೂ ಪೈಲಟ್‌ಗಳಿಗೆ ಇರಲಿಲ್ಲ ಅಂತ ಕೂಡ ಬರೆಯಿತು. ಇಲ್ಲಿ ಹೀರೋನೂ ಇಲ್ಲ, ವಿಲನ್ನೂ ಇಲ್ಲ. ಅದಕ್ಕೇ ಇರಬೇಕು, ಈ ಘಟನೆ ಯಾರಿಗೂ ನೆನಪಿಲ್ಲ.

2024ರ ಡಿಸೆಂಬರ್ 29ರಂದು ದಕ್ಷಿಣ ಕೊರಿಯಾದ ಮುವಾನ್‌ನಲ್ಲಿ ಅದೃಷ್ಟ ಕೈಹಿಡಿಯಲಿಲ್ಲ. ಇಳಿಯಲು ಬಂದ ಜೇಜು ಏರ್ ವಿಮಾನದ ಎರಡೂ ಎಂಜಿನ್‌ಗಳಲ್ಲಿ ಬೈಕಲ್ ಟೀಲ್ ಬಾತುಗಳ ಗುರುತು ಸಿಕ್ಕಿತು. ಚಕ್ರ ಬಿಚ್ಚದೆ ಹೊಟ್ಟೆಯ ಮೇಲೆ ಜಾರಿದ ವಿಮಾನ, ರನ್‌ವೇ ದಾಟಿ, ಆಂಟೆನಾ ನಿಲ್ಲಿಸಲು ಕಟ್ಟಿದ್ದ ಕಾಂಕ್ರೀಟ್ ದಿಬ್ಬಕ್ಕೆ ಗುದ್ದಿತು. 181 ಜನರಲ್ಲಿ 179 ಜನ ಸತ್ತರು. ಮರುವರ್ಷ ಜುಲೈನಲ್ಲಿ, ಪೈಲಟ್ ಕಡಿಮೆ ಹಾನಿಯಾದ ಎಂಜಿನ್ನನ್ನೇ ಆಫ್ ಮಾಡಿದ್ದರು ಅಂತ ತನಿಖಾಧಿಕಾರಿಗಳು ಹೇಳಹೊರಟಾಗ ಸತ್ತವರ ಮನೆಯವರೇ ತಿರುಗಿಬಿದ್ದರು. ‘ಎಲ್ಲ ಪೈಲಟ್ ತಲೆಗೇ ಕಟ್ಟಬೇಡಿ’ ಅನ್ನೋದು ಅವರ ವಾದ. ಹಕ್ಕಿಗಳ ಬೀಡಿನ ಪಕ್ಕ ನಿಲ್ದಾಣ, ರನ್‌ವೇ ಕೊನೆಗೆ ಕಾಂಕ್ರೀಟ್. ಇವೆರಡೂ ಕಾಕ್‌ಪಿಟ್‌ನಲ್ಲಿ ತೆಗೆದುಕೊಂಡ ನಿರ್ಧಾರಗಳಲ್ಲ.

ಇದು ನಮ್ಮ ಊರಿಗೂ ಸಂಬಂಧಪಟ್ಟ ಮಾತೇ. ಏರೋ ಇಂಡಿಯಾ ಬಂತೆಂದರೆ ಯಲಹಂಕದ ಸುತ್ತ ಮಾಂಸದಂಗಡಿಗಳು ಬಂದ್. 2023ರಲ್ಲಿ 10 ಕಿ.ಮೀ. ಸುತ್ತಳತೆ, 2025ರಲ್ಲಿ 13 ಕಿ.ಮೀ. ಕಾರಣ, ಮಾಂಸದ ತ್ಯಾಜ್ಯಕ್ಕೆ ಮುತ್ತುವ ಹದ್ದುಗಳು. ಸರಿ, ಒಪ್ಪೋಣ. ಆದ್ರೆ ವಿಮಾನ ನಿಲ್ದಾಣದ 10 ಕಿ.ಮೀ. ಒಳಗೆ ಹಕ್ಕಿಗಳನ್ನು ಕರೆಯುವಂತೆ ಕಸ ಸುರಿಯಬಾರದು ಅನ್ನೋ ನಿಯಮ 1937ರ ವಿಮಾನ ನಿಯಮಗಳಲ್ಲೇ ಇದೆ, ಅದೇನು ಷೋ ನಡೆಯುವ ಕೆಲವು ವಾರಗಳಿಗೆ ಮಾತ್ರ ಬರೆದದ್ದಲ್ಲ. ಹದ್ದಿಗೆ ಷೋ ಕ್ಯಾಲೆಂಡರ್ ಗೊತ್ತಿರಲ್ಲ. ಅಂಗಡಿ ಮುಚ್ಚಿಸೋದು ಸುಲಭ, ವರ್ಷಪೂರ್ತಿ ಕಸ ಎತ್ತಿಸೋದು ಕಷ್ಟ.

‘ಸಲ್ಲಿ’ ನೋಡಿ, ಖಂಡಿತ ನೋಡಿ. ಆದ್ರೆ ಲ್ಯಾಂಡಿಂಗ್ ಸುಸೂತ್ರವಾದಾಗ ಕ್ಯಾಪ್ಟನ್‌ಗೆ ಚಪ್ಪಾಳೆ ತಟ್ಟುವ ನಾವು, ರನ್‌ವೇ ಸುತ್ತ ಹುಲ್ಲು ಕತ್ತರಿಸುವ, ಹಕ್ಕಿ ಓಡಿಸುವ, ಕಸ ಎತ್ತುವ ಜನರ ಬಗ್ಗೆಯೂ ಒಮ್ಮೆ ವಿಚಾರಿಸಬೇಕು. ಅವರ ಕೆಲಸ ಚೆನ್ನಾಗಿ ನಡೆದರೆ ಸಿನಿಮಾ ಮಾಡೋಕೆ ಏನೂ ಸಿಗಲ್ಲ. ನಾವು ಕ್ಷೇಮವಾಗಿ ಮನೆ ಸೇರ್ತೀವಿ, ಅಷ್ಟೇ.