ಬಾಗಿಲಿನ ಅಂಕಿ, ಚಕ್ರದ ಅಂಕಿ

“ಗಾಡಿ ಎಳೆಯುದಿಲ್ಲ ಮಾರಾಯ್ರೇ.” ಮದೀನಾದ ಕೈಗಾರಿಕಾ ಬಡಾವಣೆ ಸನಾಯಿಯಾದ ಗ್ಯಾರೇಜುಗಳ ನಡುವೆ ಊರಿನ ಡ್ರೈವರೊಬ್ಬರು ಹೀಗೆಂದಾಗ ನಾನು ಮೊದಲು ಕೇಳಿದ್ದು: ಎಂಜಿನ್ ಎಳೆಯುತ್ತಿಲ್ಲವೋ, ಎಳೆದದ್ದು ಚಕ್ರಕ್ಕೆ ಮುಟ್ಟುತ್ತಿಲ್ಲವೋ?

ಇಲ್ಲಿನ ರಸ್ತೆಗಳಲ್ಲಿ ಓಡುವ ಬೆಂಜ್ ಆಕ್ಟ್ರೋಸ್ 3340ರ ಬಾಗಿಲು ನೋಡಿ. 33 ಎಂದರೆ ಟನ್, 40 ಎಂದರೆ ಸುಮಾರು 400 ಅಶ್ವಶಕ್ತಿ, ಸರಿಯಾಗಿ 394. ಅದು 1800 ಆರ್‌ಪಿಎಂನಲ್ಲಿ, ಎಂಜಿನ್ನಿನ ಬಾಯಲ್ಲೇ ಅಳೆದ ಅಂಕಿ. ಗರಿಷ್ಠ ಟಾರ್ಕ್ 1850 ನ್ಯೂಟನ್ ಮೀಟರ್ ಸಿಗುವುದು 1080ರಲ್ಲಿ. ಎರಡನ್ನೂ ಗುಣಿಸಿ 9549ರಿಂದ ಭಾಗಿಸಿದರೆ 209 ಕಿಲೋವ್ಯಾಟ್, ಎಂದರೆ 284 ಅಶ್ವಶಕ್ತಿ. ಏರಿನಲ್ಲಿ ಗೇರ್ ಇಳಿಸದೆ ಎಳೆಸುವವರ ಕೈಯಲ್ಲಿ 394 ಇರುವುದೇ ಇಲ್ಲ. ಅಳತೆಗೆ ಹಿಡಿಯುವ ಗಾಳಿ 25 ಡಿಗ್ರಿಯದು. ಮದೀನಾದ ಜುಲೈ 40 ದಾಟುತ್ತದೆ. ರೇಡಿಯೇಟರ್ ಫ್ಯಾನ್ ಪೂರ್ತಿ ಹಿಡಿದರೆ ಅದೊಂದೇ ಇಪ್ಪತ್ತು ಮೂವತ್ತು ಅಶ್ವಶಕ್ತಿ ನುಂಗೀತು.

ಮುಂದೆ ಗೇರ್ ಬಾಕ್ಸ್, ಪ್ರೊಪೆಲರ್ ಶಾಫ್ಟಿನ ಜಾಯಿಂಟು, ಕ್ರೌನ್ ಪಿನಿಯನ್. ಹಬ್ಬಿನಲ್ಲೂ ಗೇರ್ ಇದ್ದರೆ ಅದೂ ಸೇರಿತು. “ಹದಿನೈದು ಪರ್ಸೆಂಟ್ ಕಳೆಯಿರಿ” ಎನ್ನುವ ವಾಡಿಕೆ ನನಗೆ ಒಪ್ಪಿಗೆಯಿಲ್ಲ. ಹಲ್ಲುಗಳ ಉಜ್ಜಾಟ ಹೊರೆಯ ಜೊತೆ ಏರುತ್ತದೆ, ನಿಜ. ಆದರೆ ಎಣ್ಣೆ ಕಡೆಯುವ ಖರ್ಚು ಖಾಲಿ ಗಾಡಿಗೂ ತಪ್ಪದು, ವೇಗ ಏರಿದಷ್ಟೂ ಅದೂ ಏರುತ್ತದೆ. ಡೈರೆಕ್ಟ್ ಗೇರಿನಲ್ಲಿ ಶಕ್ತಿ ನೇರ ಹಾಯುತ್ತದೆ, ಕೆಳಗಿನ ಗೇರುಗಳಲ್ಲಿ ಹಲ್ಲಿನಿಂದ ಹಲ್ಲಿಗೆ ಬಳಸಿ ಬರುತ್ತದೆ. ಒಂದೇ ಶೇಕಡಾ ಎಲ್ಲಕ್ಕೂ ಹೇಗೆ ಹೊಂದೀತು? ಚಕ್ರದ ಶಕ್ತಿ ಅಳೆಯುವ ರೋಲರ್ ಡೈನೋ ಮೇಲೂ ಎಚ್ಚರ ಬೇಕು: ಗಾಡಿ ಕಟ್ಟುವ ಬೆಲ್ಟ್ ಬಿಗಿದಷ್ಟೂ ಟಯರ್ ರೋಲರಿಗೆ ಒತ್ತಿ ಅಂಕಿ ಇಳಿಯುತ್ತದೆ. ಎರಡು ಡೈನೋಗಳ ಅಂಕಿಗಳನ್ನು ಹೋಲಿಸಬಾರದು. ಒಂದೇ ಯಂತ್ರ, ಒಂದೇ ಬಿಗಿತ, ರಿಪೇರಿಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ.

ಆ ಡ್ರೈವರರ ಗಾಡಿಗಾಗಿ ನಾವಂದು ಡೈನೋಗೆ ಹೋಗಲಿಲ್ಲ. ಬೆಳಗಿನ ಜಾವ, ಖಾಲಿಯಾದ ಸಮತಟ್ಟು ರಸ್ತೆ, ಹೊರೆ ತುಂಬಿದ ಗಾಡಿ. ವೇಗ ಗಂಟೆಗೆ 60 ಕಿಲೋಮೀಟರಿಗೆ ತಂದು ನ್ಯೂಟ್ರಲ್ ಮಾಡಿ, 40ಕ್ಕೆ ಇಳಿಯಲು ಎಷ್ಟು ಸೆಕೆಂಡು ಎಂದು ಎಣಿಸಿದೆವು. ಗಾಳಿ, ಇಳಿಜಾರುಗಳ ಮೋಸ ತಪ್ಪಲು ತಿರುಗಿ ಬಂದು ಮತ್ತೊಮ್ಮೆ. ಅದೇ ತೂಕದ ಜೊತೆಗಾಡಿ ಒಂದು ನಿಮಿಷಕ್ಕಿಂತ ಮೇಲೆ ಉರುಳಿತ್ತು. ಇದು ಎರಡು ಸಲವೂ ನಲವತ್ತು ಸೆಕೆಂಡಿನ ಆಸುಪಾಸಿನಲ್ಲೇ ಸೋತಿತು. ಎಂಜಿನ್ ಬಿಟ್ಟುಕೊಟ್ಟ ಮೇಲೂ ಯಾವುದೋ ಹಿಡಿದಿಟ್ಟಿದೆ! ಈ ಕ್ಷಣ ನನಗೆ ಎಷ್ಟು ಸಲವಾದರೂ ಹಳತಾಗುವುದಿಲ್ಲ.

ಕಳೆದ ಶಕ್ತಿ ಶಾಖವಾಗಿ ಎಲ್ಲಾದರೂ ಕೂತಿರಲೇಬೇಕು. ಟೆಂಪರೇಚರ್ ಗನ್ ಹಿಡಿದು ಸುತ್ತು ಬಂದೆವು. ಡಿಫರೆನ್ಶಿಯಲ್ ಹೌಸಿಂಗ್‌ಗಳೆರಡೂ ಸರಿಸಮ. ಹಿಂದಿನ ಎಡಗಡೆಯ ಡ್ರಮ್ ಮಾತ್ರ ಹತ್ತಿರ ನಿಲ್ಲಲಾರದಷ್ಟು ಬಿಸಿ. ಬ್ರೇಕ್ ಶೂ ವಾಪಸ್ ಬಂದಿರಲಿಲ್ಲ. ಪಂಪು, ನಾಝಲ್ ಬಿಚ್ಚಲೆಂದು ತಂದಿದ್ದ ಸ್ಪ್ಯಾನರುಗಳು ಹಾಗೇ ಪೆಟ್ಟಿಗೆ ಸೇರಿದವು.