ಎತ್ತುವ ಮೊದಲು ತಳ್ಳಿ ನೋಡಿ

2022ರ ನವೆಂಬರ್‌ನಲ್ಲಿ ಅಮೆರಿಕದ ಬಫಲೋ ನಗರದ ಪಕ್ಕದ ಆರ್ಚರ್ಡ್ ಪಾರ್ಕ್‌ನಲ್ಲಿ ಕೆಲವೇ ದಿನಗಳೊಳಗೆ ಆರು ಅಡಿಗೂ ಮಿಕ್ಕಿ ಹಿಮ ಬಿತ್ತು. ಈರಿ ಸರೋವರದ ನೀರು ಇನ್ನೂ ಬೆಚ್ಚಗಿರುವಾಗ ಅದರ ಮೇಲೆ ಹಾದುಬರುವ ಕೊರೆವ ಗಾಳಿ ತೇವ ಹೀರಿಕೊಂಡು ದಡದ ಊರುಗಳ ಮೇಲೆ ಹಿಮವಾಗಿ ಸುರಿಯುತ್ತದೆ. ಹಿಮ ನಿಂತ ಬೆಳಿಗ್ಗೆ ಆ ಊರುಗಳ ಮನೆಮನೆಯ ಮುಂದೆ ಸಲಿಕೆಯ ಸದ್ದು. ಸೊಂಟ ಹಿಡಿಯುವುದೂ ಆಗಲೇ.

ಹಿಮ ನೋಡಲು ಹಗುರ, ತೂಕಕ್ಕಿಟ್ಟರೆ ಬೇರೆಯೇ ಲೆಕ್ಕ. ಹತ್ತು ಮೀಟರ್ ಉದ್ದ, ಐದು ಮೀಟರ್ ಅಗಲದ ಡ್ರೈವ್‌ವೇ ಮೇಲೆ 20 ಸೆಂಟಿಮೀಟರ್ ಹೊಸ ಹಿಮ ಬಿದ್ದರೆ ಸುಮಾರು ಒಂದು ಟನ್. ಅದೇ ಹಿಮ ಒದ್ದೆಯಾಗಿದ್ದರೆ ಮೂರು ಟನ್ ಮುಟ್ಟಬಹುದು. ಟೊರಾಂಟೊಗೋ ಬಾಸ್ಟನ್‌ಗೋ ಹೋಗಿ ನೆಲೆಸಿದ ಕನ್ನಡಿಗರು ಮೊದಲ ಚಳಿಗಾಲದಲ್ಲಿ ಇಷ್ಟನ್ನೂ ಆಫೀಸಿಗೆ ಹೊರಡುವ ಮುಂಚೆ ಒಂದೇ ಉಸಿರಿಗೆ ಮುಗಿಸಲು ಹೊರಟರೆ ಬೆನ್ನು ತಡೆಯುವುದಿಲ್ಲ.

1990ರಿಂದ 2006ರವರೆಗಿನ ಅಂಕಿಅಂಶಗಳನ್ನು ಜಾಲಾಡಿದ ಅಮೆರಿಕದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಹಿಮ ತೆಗೆಯಲು ಹೋಗಿ ತುರ್ತುಚಿಕಿತ್ಸೆಗೆ ಬಂದವರು ವರ್ಷಕ್ಕೆ ಸರಾಸರಿ 11,500 ಮಂದಿ. ಪೆಟ್ಟಾದ ಜಾಗಗಳಲ್ಲಿ ಮೂರನೇ ಒಂದು ಭಾಗ ಸೊಂಟದ್ದೇ.

ಯಾಕೆ ಸೊಂಟವೇ? ಕೈ ಚಾಚಿ ಸಲಿಕೆ ಎತ್ತಿದಾಗ ಹಿಮದ ಭಾರ ಬೆನ್ನೆಲುಬಿನಿಂದ ಹೆಚ್ಚುಕಡಿಮೆ ಒಂದು ಮೀಟರ್ ಮುಂದಿರುತ್ತದೆ. ಅದನ್ನು ಹಿಂದಕ್ಕೆಳೆದು ಹಿಡಿಯುವ ಸ್ನಾಯುಗಳು ಬೆನ್ನೆಲುಬಿನ ಹಿಂದೆ ಐದಾರು ಸೆಂಟಿಮೀಟರ್ ಅಂತರದಲ್ಲಿವೆ. ಸನ್ನೆಗೋಲಿನ ಲೆಕ್ಕ ಹಾಕಿದರೆ ಐದು ಕಿಲೋ ಹಿಮಕ್ಕೆ ಸ್ನಾಯುಗಳು ಸುಮಾರು ನೂರು ಕಿಲೋ ಭಾರದಷ್ಟು ಬಲ ಹಾಕಬೇಕು. ಆ ಸ್ಥಿತಿಯಲ್ಲೇ ಸೊಂಟ ತಿರುಚಿ ಹಿಮವನ್ನು ಪಕ್ಕಕ್ಕೋ ಹೆಗಲ ಮೇಲಿಂದ ಹಿಂದಕ್ಕೋ ಎಸೆದರೆ ಡಿಸ್ಕ್‌ಗೆ ಅದಕ್ಕಿಂತ ಕೆಟ್ಟದ್ದು ಇನ್ನಿಲ್ಲ.

ಒಂದು ಕೈ ಕಾವಿನ ತುದಿಯಲ್ಲಿದ್ದರೆ ಇನ್ನೊಂದು ಅಲಗಿಗೆ ಆದಷ್ಟು ಹತ್ತಿರವಿರಲಿ. ಮಂಡಿ ಮಡಿಸಿ, ಸಲಿಕೆಯನ್ನು ಮೈಗೆ ಹತ್ತಿರ ತಂದು, ಕಾಲಿನ ಬಲದಿಂದ ಏಳಬೇಕು. ಹಿಮ ಹಾಕುವ ದಿಕ್ಕಿಗೆ ಮೊದಲು ಪಾದ ತಿರುಗಬೇಕು, ಮೈ ಆಮೇಲೆ. ಒಂದೇ ಸಮನೆ ಎತ್ತುವಾಗ ಸಲಿಕೆಯೂ ಸೇರಿ ಐದರಿಂದ ಏಳು ಕಿಲೋ ಮೀರಬಾರದು ಎನ್ನುತ್ತದೆ ಕೆನಡಾದ ಔದ್ಯೋಗಿಕ ಆರೋಗ್ಯ ಕೇಂದ್ರ. ಹಾಗಾಗಿ ಅಂಗಡಿಯಲ್ಲಿ ಅಗಲದ ಅಲಗು ಎಷ್ಟೇ ಕಣ್ಸೆಳೆದರೂ ಎತ್ತುವ ಕೆಲಸಕ್ಕೆ ಚಿಕ್ಕದೇ ಸರಿ. ಬಾಗಿದ ಕಾವಿನ ಸಲಿಕೆ ಬಗ್ಗುವುದನ್ನು ನಿಜಕ್ಕೂ ತಗ್ಗಿಸುತ್ತದೆ. ಅಲಗಿಗೆ ಮೇಣದಬತ್ತಿ ಉಜ್ಜಿದರೆ ಒದ್ದೆ ಹಿಮ ಅಂಟದೆ ಜಾರುತ್ತದೆ.

ಇಷ್ಟಾದರೂ ಎತ್ತುವುದು ಕೊನೆಯ ಉಪಾಯವೇ ಆಗಿರಬೇಕು. ಫಿನ್ಲೆಂಡಿನವರ ‘ಕೋಲಾ’ ಇದಕ್ಕೆ ಹೇಳಿಮಾಡಿಸಿದ ಸಾಧನ: ಅಗಲವಾದ ಮೊರದಂಥ ತಟ್ಟೆ, ಅದಕ್ಕೆ ಎರಡೂ ಕೈಯಿಂದ ಹಿಡಿಯುವ ಕಮಾನು ಹಿಡಿಕೆ. ತಟ್ಟೆಯನ್ನು ಹಿಮದೊಳಗೆ ನುಗ್ಗಿಸಿ, ತುಸು ಹಿಂದಕ್ಕೆ ವಾಲಿಸಿ, ಜಾರಿಸಿಕೊಂಡು ಹೋಗಿ ಸುರಿದರಾಯಿತು. ಭಾರ ನೆಲದ್ದು, ಬೆನ್ನಿನದಲ್ಲ. ಮಿಷಿಗನ್ನಿನ ಉತ್ತರ ಭಾಗದಲ್ಲೂ ಜಪಾನಿನಲ್ಲೂ ಇಂಥವೇ ಬಳಕೆಯಲ್ಲಿವೆ. ಮೆಟ್ಟಿಲ ಮೇಲೆ ಇದು ನಡೆಯದು, ಸಮತಟ್ಟು ಅಂಗಳಕ್ಕೆ ಇದರಷ್ಟು ಒಳ್ಳೆಯದು ಬೇರೊಂದಿಲ್ಲ.

ಬೆನ್ನಿಗಿಂತ ದೊಡ್ಡ ಅಪಾಯ ಹೃದಯದ್ದು. 1995ರಲ್ಲಿ ಮಿಷಿಗನ್ನಿನ ವೈದ್ಯರು ಹತ್ತು ಆರೋಗ್ಯವಂತ ಯುವಕರಿಂದ ಒದ್ದೆ ಹಿಮ ತೆಗೆಸಿ ಪರೀಕ್ಷಿಸಿದಾಗ, ಎರಡೇ ನಿಮಿಷದಲ್ಲಿ ನಾಡಿಬಡಿತ ಗರಿಷ್ಠ ಮಿತಿಯ ಶೇ. 85 ದಾಟಿತ್ತು. ಹೃದಯದ ತೊಂದರೆ ಇರುವವರು ಸಲಿಕೆ ಮುಟ್ಟಲೇಬಾರದು. ಉಳಿದವರು ಹಿಮ ಬೀಳುತ್ತಿರುವಾಗಲೇ ಆಗಾಗ ಹೊರಬಂದು ತೆಳುವಾಗಿ ತಳ್ಳುವುದು ಮೇಲು. ಎದೆಯಲ್ಲಿ ಬಿಗಿತ ಕಂಡರೆ ಅಲ್ಲೇ ಸಲಿಕೆ ಬಿಟ್ಟು ಆಂಬುಲೆನ್ಸ್ ಕರೆಸಬೇಕು.

ಇನ್ನು ನಗರಪಾಲಿಕೆಯ ಹಿಮ ತಳ್ಳುವ ಲಾರಿ. ಅಂಗಳ ಚೊಕ್ಕವಾದ ಮೇಲೆ ಅದು ಬಂದು ಡ್ರೈವ್‌ವೇ ಬಾಯಿಗೆ ಗಟ್ಟಿ ಹಿಮದ ದಿಬ್ಬ ಒಟ್ಟಿ ಹೋಗುತ್ತದೆ. ಅಮೆರಿಕ, ಕೆನಡಾದಲ್ಲಿ ಲಾರಿ ಸಾಗುವುದು ರಸ್ತೆಯ ಬಲಬದಿಯಲ್ಲಿ. ಆದ್ದರಿಂದ ರಸ್ತೆಗೆ ಮುಖಮಾಡಿ ನಿಂತಾಗ ಎಡಕ್ಕೆ ಬರುವ ಅಂಚಿನಲ್ಲಿ ಮೊದಲೇ ಒಂದಿಷ್ಟು ಜಾಗ ತೆರವು ಮಾಡಿಟ್ಟರೆ, ಲಾರಿ ಹೊತ್ತು ತಂದ ಹಿಮದ ಬಹುಪಾಲು ಅಲ್ಲೇ ಬಿದ್ದು, ಬಾಯಿಗೆ ಬರುವುದು ಅಲ್ಪಸ್ವಲ್ಪ ಮಾತ್ರ.